ಕೆಂಪು ಬೊಟ್ಟಿಲ್ಲದ ಪಾತ್ರೆ

ನಮ್ಮ ಮನೆಯಲ್ಲಿ ಮಡಿ ಮೈಲಿಗೆಯ ಗಡಿ ಇದ್ದದ್ದು ದೇವರ ಮುಂದಲ್ಲ, ಗರಾಜಿನ ಬಾಗಿಲಲ್ಲಿ. ಅಮೆರಿಕಾದ ಮಿಲ್ ಕ್ರೀಕಿನ ಆ ಮನೆಯಲ್ಲಿ ಅಡುಗೆಮನೆ ದಾಟಿ, ಬಟ್ಟೆ ಒಗೆಯುವ ಮಷೀನಿನ ಇಕ್ಕಟ್ಟಾದ ಕೋಣೆ ದಾಟಿದರೆ ಗರಾಜು. ನಡುವೆ ಭಾರವಾದ ಒಂದು ಬಾಗಿಲು. ಅದಕ್ಕೆ ಸ್ಪ್ರಿಂಗು ಇದ್ದುದರಿಂದ ಯಾರೂ ಮುಟ್ಟದಿದ್ದರೂ ನಿಧಾನವಾಗಿ ತಾನೇ ಮುಚ್ಚಿಕೊಂಡು, ಕೊನೆಗೆ ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡುತ್ತಿತ್ತು. ಎಷ್ಟೋ ಮನೆ ಬದಲಿಸಿದ್ದೇನೆ, ಆ ಸದ್ದು ಮಾತ್ರ ನನ್ನ ಜೊತೆಗೇ ಬಂದಿದೆ. ಆ ಬಾಗಿಲಿನಾಚೆ ಶನಿವಾರ ಮಧ್ಯಾಹ್ನಗಳಲ್ಲಿ ನಮ್ಮಪ್ಪ ಸೀಸ ಕರಗಿಸಿ ಗುಂಡು ಎರಕ ಹೊಯ್ಯುತ್ತಿದ್ದರು. ಗದಗಿನ ಶಾಲಾ ಮಾಸ್ತರರ ಮಗ, ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಮನುಷ್ಯ, ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೂತು ಬೆನ್ನು ಬಗ್ಗಿಸಿಕೊಂಡವರು. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಒಮ್ಮೆ ಅವರನ್ನು ಗುರಿ ಹೊಡೆಯುವ ರೇಂಜಿಗೆ ಕರೆದುಕೊಂಡು ಹೋದ. ಅಪ್ಪ ತೂತು ಬಿದ್ದ ಕಾಗದವೊಂದನ್ನು ಹಿಡಿದುಕೊಂಡು ಮನೆಗೆ ಬಂದು ಅದನ್ನು ಫ್ರಿಜ್ಜಿನ ಮೇಲೆ, ನಾನು ಬರೆದ ಚಿತ್ರಗಳ ಪಕ್ಕದಲ್ಲಿ ಅಂಟಿಸಿದರು. ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಕಂಡೇ ಇರಲಿಲ್ಲ. ಅಮ್ಮ ಮೈಸೂರಿನವಳು. ಬೀಗದ ಪೆಟ್ಟಿಗೆ ಬರುವ ತನಕ ಅಪ್ಪ ಕೊಂಡು ತಂದ ಬಂದೂಕನ್ನು ಕಾರಿನಿಂದ ಇಳಿಸಲು ಬಿಡಲಿಲ್ಲ. ಆಮೇಲೆ ಗುಂಡಿನ ಬೆಲೆ ಕೇಳಿ ಇನ್ನೊಂದು ಜಗಳ ತೆಗೆದಳು.

"ಕಾಗದಕ್ಕೆ ತೂತು ಹಾಕೋಕೆ ಇಷ್ಟು ದುಡ್ಡಾ ರೀ? ಪಂಚಿಂಗ್ ಮಷೀನ್ ತಂದ್ಕೊಡ್ತೀನಿ, ಕೂತ್ಕೊಂಡು ಹಾಕಿ."

"ಖರೀದಿ ಮಾಡಂಗಿಲ್ಲ ಬಿಡು. ನಾನೇ ಎರಕ ಹೊಯ್ತೀನಿ. ಬಿಟ್ಟಿ ಸೀಸ ಬೇಕಾದಷ್ಟು ಸಿಗ್ತದ."

ಬಿಟ್ಟಿ ಅನ್ನುವುದು ಅಪ್ಪನಿಗೆ ಬಲು ಪ್ರೀತಿಯ ಶಬ್ದ. ಕಾರಿನ ಚಕ್ರ ಅಲುಗಾಡದಂತೆ ಅಂಚಿಗೆ ಸಿಕ್ಕಿಸುವ ಸಣ್ಣ ಸೀಸದ ತುಂಡುಗಳಿರುತ್ತವಲ್ಲ, ಹಳತಾದವನ್ನು ಟೈರ್ ಅಂಗಡಿಯವನು ಒಂದು ಬಕೆಟ್ ತುಂಬ ಕೊಟ್ಟ. ಪಿಕ್‌ನಿಕ್ಕಿಗೆಂದು ತಂದಿದ್ದ ಗ್ಯಾಸ್ ಒಲೆ ಮನೆಯಲ್ಲೇ ಇತ್ತು. ದಪ್ಪ ತಳದ ಸ್ಟೀಲ್ ಬೋಗುಣಿ, ಸೌಟು, ಜಾಲರಿ ಚಮಚ ಎಲ್ಲ ಹಳೆಯ ಸಾಮಾನಿನ ಅಂಗಡಿಯಿಂದ ಬಂದವು. ಗುಂಡಿನ ಅಚ್ಚೊಂದನ್ನು ಮಾತ್ರ ದುಡ್ಡು ಕೊಟ್ಟು ತಂದರು, ಅದೂ ಸೆಕೆಂಡ್ ಹ್ಯಾಂಡ್. ಬಕೆಟ್ಟಿನಲ್ಲಿ ಸೀಸವಲ್ಲದ ತುಂಡುಗಳೂ ಇರುತ್ತಿದ್ದವು. ಅವು ಕರಗದೆ ಮೇಲೆ ತೇಲಿದರೆ ಅಪ್ಪ ಜಾಲರಿಯಲ್ಲಿ ಎತ್ತಿ ಬಿಸಾಡುತ್ತಿದ್ದರು. ಕೊಳೆ ತೆಗೆಯಲು ನನ್ನ ಹುಟ್ಟುಹಬ್ಬದ ಮೇಣದಬತ್ತಿಯ ತುಂಡುಗಳನ್ನೇ ಹಾಕುತ್ತಿದ್ದರು. ಭಗ್ಗೆಂದು ಹೊತ್ತಿಕೊಂಡು, ಬೆಲ್ಲ ಕಾಯಿಸುವಾಗ ಬರುವಂತೆ ಕಪ್ಪು ನೊರೆ ಮೇಲೆ ಬರುತ್ತಿತ್ತು. ಅದನ್ನು ಸೌಟಿನಿಂದ ಸರಿಸಿದರೆ ಕೆಳಗೆ ಬೆಳ್ಳಗಿನ ಕನ್ನಡಿ. ಅದರೊಳಗೆ ಸೂರಿನ ದೀಪ ಕಾಣುತ್ತಿತ್ತು, ಅಪ್ಪನ ಮುಖ ಕಾಣುತ್ತಿತ್ತು, ಕನ್ನಡಕ ಇರಬೇಕಾದ ಜಾಗದಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ಶುದ್ಧವಾದ ಸೀಸವನ್ನು ಗಟ್ಟಿ ಮಾಡಿಟ್ಟುಕೊಳ್ಳಲು ಅಚ್ಚು ಬೇಕಲ್ಲ, ಅದಕ್ಕೆ ಅಮ್ಮನ ಹಳೆಯ ಇಡ್ಲಿ ತಟ್ಟೆಯೇ ಆಯಿತು. ಗರಾಜಿನ ಶೆಲ್ಫಿನ ಮೇಲೆ ಬೂದು ಬಣ್ಣದ ಇಡ್ಲಿಗಳು ಸಾಲಾಗಿ ಕೂತವು. ನೋಡಲು ಥೇಟ್ ಇಡ್ಲಿ, ಎತ್ತಿದರೆ ಮಾತ್ರ ಕೈಯನ್ನೇ ಕೆಳಕ್ಕೆ ಎಳೆಯುತ್ತಿದ್ದವು.

"ಹತ್ರ ಬರಬ್ಯಾಡ ಶಾಲಿ. ಒಂದು ಹನಿ ನೀರು ಬಿತ್ತಂದ್ರ ಎಲ್ಲಾ ಸಿಡಿದು ಮಾರಿಗೆ ಹಾರ್ತದ."

ಹಾಗೆಂದು ಅಪ್ಪ ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಹನ್ನೊಂದು ವರ್ಷದವಳು, ಹೊಸ್ತಿಲಲ್ಲಿ ಕಾಲಿನಿಂದ ಬಾಗಿಲನ್ನು ತಡೆದು ಹಿಡಿದು ನೋಡುತ್ತಿದ್ದೆ.

ಸೀಸ ವಿಷ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರದ ಸಂಗತಿಯೇನಲ್ಲ. ಗರಾಜಿಗೆ ಹೋದ ಪಾತ್ರೆ ಮತ್ತೆ ಅಡುಗೆಮನೆಗೆ ಬರಕೂಡದು ಎಂದು ಅಮ್ಮ ತನ್ನ ಕೆಂಪು ನೇಲ್ ಪಾಲಿಶ್ ತಂದು ಬೋಗುಣಿ, ಸೌಟು, ಇಡ್ಲಿ ತಟ್ಟೆ ಎಲ್ಲದರ ತಳಕ್ಕೂ ಒಂದೊಂದು ಬೊಟ್ಟು ಇಟ್ಟಳು. ಬೊಟ್ಟಿದ್ದರೆ ಆಚೆಯದು, ಇಲ್ಲದಿದ್ದರೆ ಒಳಗಿನದು. ಅಪ್ಪ ಗರಾಜಿನಿಂದ ಬಂದರೆ ಬಟ್ಟೆಯನ್ನು ಬಾಗಿಲ ಬಳಿಯೇ ಬಿಚ್ಚಿ, ತಲೆಗೆ ನೀರು ಹಾಕಿಕೊಂಡ ಮೇಲೆಯೇ ಮಕ್ಕಳನ್ನು ಮುಟ್ಟಬೇಕು. ಆ ಬೇಸಿಗೆಯ ಕೊನೆಗೆ ಅಮ್ಮನ ಅಮ್ಮ, ನನ್ನ ಅಜ್ಜಿ, ಆರು ತಿಂಗಳು ಇರುವುದಕ್ಕೆಂದು ಮೈಸೂರಿನಿಂದ ಬಂದವಳು ಈ ಏರ್ಪಾಡು ನೋಡಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು.

"ನಮ್ಮತ್ತೆ ಕಾಲದ ಮಡೀನೇ ವಾಸಿ ಕಣೆ. ಅಮೆರಿಕಾಕ್ಕೆ ಬಂದು ಒಳ್ಳೇ ಮಡಿ ಹೆಂಗಸಾದೆ ನೀನು!"

ನಕ್ಕರೂ ಅಜ್ಜಿಗೆ ಅದು ಒಳಗೊಳಗೇ ಹಿಡಿಸಿತ್ತು. ಬೊಟ್ಟಿನ ನಿಯಮವನ್ನು ಅಮ್ಮನಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದವಳು ಅವಳೇ. ದಿನಾ ಮಧ್ಯಾಹ್ನ ನನ್ನನ್ನು ಅಡುಗೆಮನೆಯ ಮೇಜಿಗೆ ಕೂರಿಸಿ ಒಂದು ಪುಟ ಕನ್ನಡ ಕಾಪಿ ಬರೆಸುತ್ತಿದ್ದಳು. ಇವತ್ತು ನಾನು ಇದನ್ನು ಬರೆಯುತ್ತಿರುವುದು ಆ ಕಾಪಿಯ ದೆಸೆಯಿಂದ. ಮೇಜಿನ ಕೆಳಗೆ ನನ್ನ ತಂಗಿ ಮಿಥಿಲಾ. ಮೂರು ವರ್ಷದ ಅವಳಿಗೆ ಆಗ ಬರುತ್ತಿದ್ದದ್ದು ಬರೀ ಕನ್ನಡ, ಅದರಲ್ಲೂ ಒಂದೇ ಪ್ರಶ್ನೆ. ಅಜ್ಜಿ ಹಲ್ಲು ತೆಗೆದು ಬಟ್ಟಲಲ್ಲಿಟ್ಟರೆ ಅದ್ಯಾಕೆ? ಹೊರಗೆ ಮರ ಅಲ್ಲಾಡಿದರೆ ಅದ್ಯಾಕೆ? ಉತ್ತರ ಹೇಳಿದರೆ ಆ ಉತ್ತರಕ್ಕೂ ಅದ್ಯಾಕೆ? ಅವಳ ಬಾಯಿ ಮುಚ್ಚಿಸು ದೇವರೇ ಎಂದು ನಾನು ಎಷ್ಟು ಸಲ ಬೇಡಿಕೊಂಡಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ. ಹಾಗೆ ಬೇಡಿಕೊಂಡವಳು ನಾನು ಎಂಬುದನ್ನು ಇಲ್ಲಿ ಬರೆದಿಡಬೇಕು.

ಅಜ್ಜಿಯ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿಕೊಂಡು ಬಂದದ್ದು ಅವಳ ತವರದ ಪಾತ್ರೆ. ಸಾರು ಮಾಡುವುದಕ್ಕೇ ಇರುವ ಪಾತ್ರೆ ಅದು, ಅವಳ ಮದುವೆಯಲ್ಲಿ ಕೊಟ್ಟದ್ದು. ಸೀಸದ ಹಾಗೆಯೇ ಬೆಳ್ಳಗೆ, ಮೆತ್ತಗೆ, ಆದರೆ ಸೀಸವಲ್ಲ. ಅದರಲ್ಲಿ ಕುದಿಸಿದ ಸಾರಿನ ಘಮವೇ ಬೇರೆ ಎಂದು ಅಜ್ಜಿಯ ವಾದ, ಅದು ನಿಜವೂ ಹೌದು. ಆ ಪಾತ್ರೆಗೆ ಒಂದೇ ಒಂದು ಭಯ, ಬೆಂಕಿ. ನೀರು ಇರುವ ತನಕ ಏನೂ ಆಗುವುದಿಲ್ಲ, ಬತ್ತಿತೋ ಪಾತ್ರೆಯೇ ಕರಗಿ ಹೋಗುತ್ತದೆ. ಒಂದು ಶನಿವಾರ ಅಜ್ಜಿ ಸಾರಿಗಿಟ್ಟು, ಕುದಿ ಬಂದ ಕೂಡಲೇ ಒಲೆ ಆರಿಸು ಎಂದು ನನಗೆ ಹೇಳಿ ಸ್ನಾನಕ್ಕೆ ಹೋದಳು. ನಾನು ಗರಾಜಿನ ಹೊಸ್ತಿಲಿಗೆ ಹೋದೆ. ಅಪ್ಪ ಅಚ್ಚನ್ನು ಮರದ ಕೋಲಿನಿಂದ ತಟ್ಟುತ್ತಿದ್ದರು. ಪ್ರತಿ ತಟ್ಟಿಗೂ ಒಂದು ಹೊಳೆಯುವ ಗುಂಡು ಟವೆಲ್ಲಿನ ಮೇಲೆ ಉದುರುತ್ತಿತ್ತು. ನೋಡುತ್ತಾ ನಿಂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಸುಟ್ಟ ಹುಣಸೆಯ ವಾಸನೆ ಬಂದು ಓಡಿದರೆ, ಕರೆಂಟ್ ಒಲೆಯ ಕೆಂಡದಂಥ ಸುರುಳಿಯ ಮೇಲೆ ಪಾತ್ರೆ ಸುಸ್ತಾಗಿ ಕೂತುಬಿಟ್ಟಿತ್ತು. ಹೌದು, ಕೂತಿತ್ತು. ಒಂದು ಪಕ್ಕ ಇನ್ನೂ ನಿಂತಿತ್ತು, ಇನ್ನೊಂದು ಪಕ್ಕ ಮಡಿಲಿನಂತೆ ಜೋತು ಬಿದ್ದು, ಹನಿ ಹನಿಯಾಗಿ ಸುರುಳಿಯೊಳಗೆ ಇಳಿಯುತ್ತಿತ್ತು. ಅಜ್ಜಿ ಒದ್ದೆ ತಲೆಯಲ್ಲೇ ಬಂದು ನಿಂತು ನೋಡಿದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲವೇನೋ.

ಅಪ್ಪನೇ ಅದನ್ನು ಮತ್ತೆ ಎರಕ ಹೊಯ್ದು ಕೊಡುತ್ತೇನೆ ಎಂದರು. ಅವರು ಅಸಡ್ಡೆ ಮಾಡಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಅಡುಗೆಯ ಪಾತ್ರೆ ಎಂದು ಬೊಟ್ಟಿಲ್ಲದ ಹೊಸ ಬೋಗುಣಿ, ಹೊಸ ಸೌಟು ತಂದರು. ಒಲೆಯನ್ನು ಒರೆಸಿದರು. ದೊಡ್ಡ ಸ್ಟೀಲ್ ಪಾತ್ರೆಯೊಳಗೆ ಸಣ್ಣದೊಂದನ್ನು ಮರಳು ತುಂಬಿ ಕೂರಿಸಿ, ನಡುವಿನ ಸಂದಿಗೆ ತವರ ಹೊಯ್ಯುವುದು ಅವರ ಉಪಾಯ. ಉಳಿದ ತವರವನ್ನೆಲ್ಲ ಕೆರೆದು ತಂದು ಬೋಗುಣಿಗೆ ಹಾಕಿ ಕರಗಿಸಿದಾಗ ಅದು ತಳದಲ್ಲೆಲ್ಲೋ ಇತ್ತು.

"ಅಷ್ಟು ದೊಡ್ಡದು ಆಗಂಗಿಲ್ಲರಿ ಅತ್ತೆಯವರ. ಭಾಳ ಸುಟ್ಟು ಹೋಗೇದ. ಒಂದು ಬಟ್ಟಲಿನಷ್ಟು ಆಗ್ತದ ನೋಡ್ರಿ."

"ಆಗ್ಲಿ ಬಿಡಿ ಅಳಿಯಂದ್ರೆ. ಬಟ್ಟಲಾದ್ರೆ ಬಟ್ಟಲು. ನಂಗೇನು ಇನ್ನು ಊರಿಗೆಲ್ಲಾ ಅಡುಗೆ ಮಾಡೋದಿದ್ಯಾ?"

ಹೇಳಿ ಒಳಗೆ ಹೋದಳು. ಹೋಗುವಾಗ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಗದಗಿನಿಂದ ಫೋನು ಬಂತು, ಏನನ್ನೂ ಮುಟ್ಟಬೇಡ ಎಂದು ಹೇಳಿ ಅಪ್ಪನೂ ಒಳಗೆ ಹೋದರು. ಬಾಗಿಲು ನಿಟ್ಟುಸಿರು ಬಿಟ್ಟು ಮುಚ್ಚಿಕೊಂಡಿತು. ಮೊದಲ ಸಲ ನಾನು ಅದರ ಆಚೆ ಬದಿಯಲ್ಲಿ ಒಬ್ಬಳೇ ಇದ್ದೆ. ಶೆಲ್ಫಿನ ಮೇಲೆ ಇಡ್ಲಿಗಳು. ಹಳೆಯ ಬೋಗುಣಿಯ ತಳಕ್ಕೆ ಬೊಟ್ಟಿತ್ತು, ಹಳೆಯ ಸೌಟಿಗೆ ಇತ್ತು, ಇಡ್ಲಿಗಳ ಮೇಲೆ ಇರಲಿಲ್ಲ. ಪಾತ್ರೆಗೆ ಬೊಟ್ಟಿಡುವ ಅಮ್ಮ ಸೀಸಕ್ಕೇ ಇಡಬೇಕೆಂದು ಯಾಕೆ ಯೋಚಿಸಬೇಕು? ಅಲ್ಲದೆ ಅಜ್ಜಿಯ ಶಾಸ್ತ್ರದ ಪ್ರಕಾರ ಬೆಂಕಿಗೆ ಬಿದ್ದದ್ದೆಲ್ಲ ಶುದ್ಧ. ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ಇರಲು ನೆಪ ಬೇಕಿತ್ತು, ಎರಡು ಸಿಕ್ಕವು. ಒಂದು ಇಡ್ಲಿಯನ್ನು ಮೆಲ್ಲಗೆ ಬೋಗುಣಿಯೊಳಗೆ ಬಿಟ್ಟೆ. ಮುಳುಗಿತು. ಸಾಲದು ಅನ್ನಿಸಿ ಇನ್ನೊಂದು ಬಿಟ್ಟೆ. ಬಗ್ಗಿ ನೋಡಿದರೆ ಬೆಳ್ಳಗಿನ ಕನ್ನಡಿಯಲ್ಲಿ ಎರಡು ಜಡೆ ಕಂಡವು, ನಡುವೆ ಮುಖ ಇರಲಿಲ್ಲ. ಅಪ್ಪ ವಾಪಸು ಬಂದು ಸೌಟಾಡಿಸಿ, ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿನೇ ಅದ ಎಂದು ಖುಷಿಪಟ್ಟರು. ಎರಡನೆಯ ಸಲಕ್ಕೆ ಪಾತ್ರೆ ಸರಿಯಾಗಿ ಎದ್ದು ಬಂತು, ಒರಟಾಗಿ, ದಪ್ಪಗೆ, ಮೊದಲಿನಷ್ಟೇ ದೊಡ್ಡದಾಗಿ. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು.

ಆ ರಾತ್ರಿಯ ಸಾರು ಸಿಹಿಯಾಗಿತ್ತು. ಬೆಲ್ಲದ ಸಿಹಿಯಲ್ಲ, ನುಂಗಿದ ಮೇಲೆ ನಾಲಗೆಯ ಬುಡದಲ್ಲಿ ನಿಲ್ಲುವ ಸಿಹಿ. ಅಪ್ಪ ಮೂರು ಸಲ ಬಡಿಸಿಕೊಂಡರು.

"ಬೆಲ್ಲ ಹಾಕೀರೇನ್ರಿ?"

"ಒಂದು ಚೂರೂ ಇಲ್ಲ. ಎಲ್ಲಾ ನಿಮ್ಮ ಕೈಗುಣ, ಪಾತ್ರೆ ನಿಮ್ದು ತಾನೇ?"

ಆಮೇಲೆ ಅದೇ ರೂಢಿಯಾಯಿತು. ಚಳಿಯ ಜೊತೆಗೇ ಬರುವ ಮಳೆಗಾಲ ಶುರುವಾಯಿತು, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಹಿತ್ತಲಿನ ದೇವದಾರು ಮರಗಳು ಕಿಟಕಿಗೆ ಒಂದು ಹೆಜ್ಜೆ ಹತ್ತಿರ ಬಂದ ಹಾಗೆ ಕಾಣುತ್ತಿದ್ದವು. ಅಮ್ಮನಿಗೆ ತಲೆನೋವು, ಅಜ್ಜಿಗೆ ಹೊಟ್ಟೆ ಹಿಂಡುವ ನೋವು, ಎಲ್ಲದಕ್ಕೂ ಹವಾ ಕಾರಣ. ಮಿಥಿಲಾ ಬೇರೆ ಏನನ್ನೂ ಮುಟ್ಟಲೊಲ್ಲಳು, ಸಾರನ್ನ ಒಂದೇ. ಉಣ್ಣಲಿ ಪಾಪ ಎಂದು ಅಜ್ಜಿ ಮೂರು ಹೊತ್ತೂ ಅದನ್ನೇ ಕಲಸಿ ತುತ್ತು ಮಾಡಿ ಇಡುತ್ತಿದ್ದಳು. ಯಾವ ದಿನ ಎಂದು ಹೇಳಲಾರೆ, ಒಂದು ಮಧ್ಯಾಹ್ನ ಕಾಪಿ ಬರೆಯುತ್ತಿದ್ದ ನನಗೆ ಮನೆ ತುಂಬ ನಿಶ್ಶಬ್ದವಾಗಿದೆ ಅನ್ನಿಸಿತು. ಬಗ್ಗಿ ನೋಡಿದೆ. ಮಿಥಿಲಾ ಮೇಜಿನ ಕೆಳಗೇ ಇದ್ದಳು, ಗೋಡೆಯ ಮೂಲೆಯನ್ನು ನೋಡುತ್ತಾ. ಮರ ಅಲ್ಲಾಡುತ್ತಿತ್ತು, ಅಜ್ಜಿಯ ಹಲ್ಲು ಬಟ್ಟಲಲ್ಲಿತ್ತು, ಅವಳು ಏನನ್ನೂ ಕೇಳುತ್ತಿರಲಿಲ್ಲ. ಆಮೇಲೆ ಅವಳು ಗರಾಜಿನ ಬಾಗಿಲ ಮುಂದೆ ಕೂರುವುದನ್ನು ಶುರುಮಾಡಿದಳು. ಬಾಗಿಲಿಗೆ ಕಿವಿ ಕೊಟ್ಟು, ಒಂದೇ ಸ್ವರದಲ್ಲಿ ಸಣ್ಣಗೆ ಗುಂಯ್‌ಗುಡುತ್ತಿದ್ದಳು. ಹೆಸರು ಹಿಡಿದು ಕರೆದರೆ ತುಸು ತಡೆದು ತಿರುಗುತ್ತಿದ್ದಳು, ಯಾರನ್ನೋ ಕೇಳಿ ಅಪ್ಪಣೆ ಪಡೆದು ತಿರುಗಿದ ಹಾಗೆ. ನನ್ನ ಮೊರೆ ದೇವರಿಗೆ ಕೇಳಿಸಿಬಿಟ್ಟಿದೆ ಎಂದುಕೊಂಡೆ.

ಅಜ್ಜಿ ದೃಷ್ಟಿಯಾಗಿದೆ ಎಂದಳು. ಮೆಣಸಿನಕಾಯಿ ಸುಟ್ಟರೆ ಹೊಗೆಗೆ ಮನೆಯ ಅಲಾರಂ ಕೂಗಿಕೊಳ್ಳುತ್ತದೆ ಎಂದು ಅಮ್ಮ ತಡೆದದ್ದರಿಂದ ಪಟಿಕ ತೆಗೆದಳು. ಕ್ಷೌರದವರು ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಕಲ್ಲು. ಮಿಥಿಲಾಗೆ ಮೂರು ಸುತ್ತು ನಿವಾಳಿಸಿ, ಕಾದ ಕಾವಲಿಯ ಮೇಲೆ ಇಟ್ಟಳು. ಪಟಿಕ ಕರಗಿ, ಗುಳ್ಳೆ ಎದ್ದು, ಅರಳಿ ಉಬ್ಬುತ್ತದೆ. ಆರಿದ ಮೇಲೆ ಯಾರ ಕಣ್ಣು ಬಿದ್ದಿದೆಯೋ ಅವರ ಆಕಾರ ಅದರಲ್ಲಿ ಕಾಣುತ್ತದೆ ಎಂಬುದು ನಂಬಿಕೆ. ಅಮ್ಮ ಅದನ್ನೆಲ್ಲ ನಂಬುವವಳಲ್ಲ, ಆದರೂ ಬಗ್ಗಿ ನೋಡಿದಳು. ಬೆಳ್ಳಗೆ ಒಂದು ತಲೆ ಎದ್ದಿತ್ತು. ಕಣ್ಣಿನ ಜಾಗದಲ್ಲಿ ಎರಡು ಗುಳಿ, ಅಕ್ಕಪಕ್ಕದಲ್ಲಿ ಎರಡು ಬಾಲ. ಅಜ್ಜಿ ಕಾವಲಿಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು.

"ಹೆಣ್ಣು ಕಣೆ. ಚಿಕ್ಕೋಳು. ಎರಡು ಜಡೆ ಇದೆ. ಹೊರಗಿನೋರದ್ದಲ್ಲ ಇದು."

ಅಮ್ಮ ಸಾಕು ಬಿಡಮ್ಮ ಎಂದು ಅದನ್ನು ಸಿಂಕಿಗೆ ಸುರಿದಳು. ನಾನು ಬಾತ್‌ರೂಮಿಗೆ ಹೋಗಿ ಜಡೆ ಎರಡನ್ನೂ ಬಿಚ್ಚಿದೆ. ಮತ್ತೆ ಯಾವತ್ತೂ ಎರಡು ಜಡೆ ಹಾಕಿಕೊಳ್ಳಲಿಲ್ಲ.

ಮಾರನೆಯ ವಾರ ಅಮ್ಮ ಮಿಥಿಲಾಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ರಕ್ತ ತೆಗೆದರು. ಎರಡು ದಿನ ಬಿಟ್ಟು ಫೋನು ಬಂತು. ಅಮ್ಮ ಫೋನು ಇಟ್ಟು, ನೇರವಾಗಿ ಹೋಗಿ ಫ್ರಿಜ್ಜಿನ ಮೇಲಿದ್ದ ತೂತಿನ ಕಾಗದವನ್ನು ಕಿತ್ತಳು. ಮಗುವಿನ ರಕ್ತದಲ್ಲಿ ಸೀಸ ಇತ್ತು. ಅಪ್ಪ ಅದೇ ದಿನ ಬೋಗುಣಿ, ಅಚ್ಚು, ಇಡ್ಲಿ ತಟ್ಟೆ, ಗುಂಡು, ಶೆಲ್ಫು, ಎಲ್ಲವನ್ನೂ ಕಾರಿಗೆ ತುಂಬಿ ವಿಷದ ಕಸ ತೆಗೆದುಕೊಳ್ಳುವ ಜಾಗಕ್ಕೆ ಒಯ್ದು ಕೊಟ್ಟರು. ಗರಾಜನ್ನು ಮೂರು ಸಲ ತೊಳೆದರು. ಬಂದೂಕನ್ನು ಸ್ನೇಹಿತನಿಗೆ ಕೊಟ್ಟುಬಿಟ್ಟರು. ಸಾಲಲಿಲ್ಲ. ಅಮ್ಮ ಅವರ ಶರ್ಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಗಿಲ ಹೊರಗಿಟ್ಟಳು.

"ನಿಮ್ಮ ಮೈಯಲ್ಲೇ ಇದೆ ರೀ ಅದು. ಕೂದಲಲ್ಲಿ, ಉಗುರಲ್ಲಿ. ಅವಳು ಸರಿ ಹೋಗೋ ತನಕ ನೀವು ಈ ಮನೆಗೆ ಬರಬೇಡಿ."

"ನಾ ದಿನಾ ಜಳಕಾ ಮಾಡೇ ಬರ್ತಿದ್ದೆ..."

ಅಷ್ಟೇ ಅವರು ಅಂದದ್ದು. ಕ್ರಾಸ್‌ರೋಡ್ಸ್ ಎಂಬ ಬಡಾವಣೆಯ ಹತ್ತಿರ ಒಂದು ಕೋಣೆ ಹಿಡಿದರು. ಭಾನುವಾರ ಬಂದು, ಕಾರಿನಿಂದ ಇಳಿಯದೆ, ಗಾಜು ಏರಿಸಿಕೊಂಡೇ ನಮ್ಮನ್ನು ನೋಡಿ ಹೋಗುತ್ತಿದ್ದರು. ಮಿಥಿಲಾ ಕಿಟಕಿಯಲ್ಲಿ ನಿಂತು ಕೈಬೀಸುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಅಮ್ಮ ಕಿಟಕಿಯ ಹಲಗೆಗಳನ್ನು, ಆಟಿಕೆಗಳನ್ನು, ಮೆಟ್ಟಿಲುಗಳನ್ನು ಸೋಪಿನ ನೀರಿನಲ್ಲಿ ಉಜ್ಜಿ ಉಜ್ಜಿ ಬೆರಳು ಬಿರಿದುಕೊಂಡಳು. ಆರೋಗ್ಯ ಇಲಾಖೆಯ ನರ್ಸಮ್ಮ ಬಂದು ಗೋಡೆಗಳನ್ನು, ನಲ್ಲಿಯನ್ನು ಪರೀಕ್ಷಿಸಿದಳು. ಪಾತ್ರೆಗಳನ್ನು ಕೇಳಿದಾಗ ಅಮ್ಮ ಸ್ಟೀಲಿನವನ್ನೆಲ್ಲ ತೋರಿಸಿದಳು. ತವರದ ಪಾತ್ರೆ ದೇವರ ಗೂಡಿನ ಪಕ್ಕದಲ್ಲಿತ್ತು, ಅಜ್ಜಿ ಮಡಿಯಲ್ಲಿದ್ದಳು, ಹೊರಗಿನವರು ಮುಟ್ಟುವಂತಿರಲಿಲ್ಲ. ನರ್ಸಮ್ಮ ನಕ್ಕು ಒಂದು ಪುಸ್ತಿಕೆ ಕೊಟ್ಟು ಹೋದಳು. ಒಂದು ತಿಂಗಳ ಮೇಲೆ ಮತ್ತೆ ರಕ್ತ ತೆಗೆದರು. ಸೀಸ ಇಳಿದಿರಲಿಲ್ಲ, ಏರಿತ್ತು.

ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಇನ್ನೇನು ತೊಳೆಯಲಿ, ಇನ್ನೇನು ಉಳಿದಿದೆ ಎಂದು ಗೋಡೆಯನ್ನೇ ಕೇಳಿದಳು. ನಾನು ಆ ಪುಸ್ತಿಕೆಯನ್ನು ಓದಿದೆ. ಹಳೆಯ ಬಣ್ಣದ ಚಕ್ಕೆಗಳನ್ನು ಮಕ್ಕಳು ಯಾಕೆ ಬಾಯಿಗೆ ಹಾಕಿಕೊಳ್ಳುತ್ತಾರೆ ಎಂದು ಅದರಲ್ಲಿ ಒಂದು ಸಾಲು ಇತ್ತು. ಅದರ ರುಚಿ ಸಿಹಿ. ಅಷ್ಟು ಓದಿದ್ದೇ ತಡ, ನನ್ನ ನಾಲಗೆಯ ಬುಡದಲ್ಲಿ ಆ ರುಚಿ ಬಂತು, ಬಾಯಲ್ಲಿ ಏನೂ ಇರಲಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಬಾಗಿಲು ನಿಟ್ಟುಸಿರು ಬಿಟ್ಟಿತು. ಗರಾಜಿಗೆ ಈಗ ಯಾರೂ ಹೋಗುತ್ತಿರಲಿಲ್ಲ, ಅದನ್ನು ತೆರೆದವರು ಯಾರು ಎಂದು ನಾನು ಹೋಗಿ ನೋಡಲಿಲ್ಲ.

ಮಾರನೆಯ ಮಧ್ಯಾಹ್ನ ಅಮ್ಮ ಮಿಥಿಲಾಳನ್ನು ಮಲಗಿಸಲು ಮಹಡಿಗೆ ಹೋದಾಗ ಅಜ್ಜಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳ ಬೆನ್ನಿಗೆ ಹೇಳಿದೆ. ಮುಖ ನೋಡಿಕೊಂಡು ಹೇಳಲು ಆಗಲಿಲ್ಲ.

"ಅಜ್ಜಿ, ಪಾತ್ರೆಯೊಳಗೆ ಸೀಸ ಇದೆ. ನಾನೇ ಹಾಕಿದ್ದು. ಎರಡು ಇಡ್ಲಿ."

ಸಾಸಿವೆ ಸಿಡಿದು ನಿಂತಿತು. ಅಜ್ಜಿ ತಿರುಗಲಿಲ್ಲ. ಒಲೆ ಆರಿಸಿದಳು. ಒಂದು ಚಮಚ ಸಾರನ್ನು ಕೈಗೆ ಹಾಕಿಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಂತಳು. ಅಷ್ಟು ದಿನ ಹೊಗಳಿಸಿಕೊಂಡ ರುಚಿ ಯಾವುದು ಎಂದು ಆಗ ಅವಳಿಗೆ ತಿಳಿಯಿತು. ಆಮೇಲೆ ಸಾರನ್ನು ಸಿಂಕಿಗೆ ಚೆಲ್ಲಿ, ಪಾತ್ರೆಯನ್ನು ತೊಳೆದು, ಮಗುಚಿ ಮೇಜಿನ ಮೇಲಿಟ್ಟು, ಅಮ್ಮನ ನೇಲ್ ಪಾಲಿಶ್ ತಾ ಎಂದಳು. ಪಾತ್ರೆ ಇನ್ನೂ ಒದ್ದೆಯಿದ್ದುದರಿಂದ ಬೊಟ್ಟು ಗುಂಡಗೆ ಬರಲಿಲ್ಲ, ಉದ್ದಕ್ಕೆ ಇಳಿಯಿತು.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ."

"ಹೇಳ್ಬೇಡ. ನೀನು ಈ ಮನೇಲಿ ಇನ್ನೂ ಇರ್ಬೇಕಾದೋಳು. ನಾನು ಹೇಗಿದ್ರೂ ಹೋಗೋಳು."

ಅಮ್ಮ ಮಹಡಿಯಿಂದ ಇಳಿದು ಬಂದಾಗ ಅಜ್ಜಿ ಅವಳ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದಳು. ಬಟ್ಟಲಿನಷ್ಟೇ ಆಗುತ್ತದೆ ಎಂದು ಅಳಿಯ ಹೇಳಿದ್ದು ಮನಸ್ಸಿಗೆ ಬರಲಿಲ್ಲ, ಯಾರೂ ಇಲ್ಲದಾಗ ನಾನೇ ಎರಡು ಗಟ್ಟಿ ಹಾಕಿದೆ, ಅದೂ ತವರವೇ ಅಂದುಕೊಂಡೆ, ಎಂದಳು. ಮಡಿಗೆ ಸಮನಾಗಿ ಸತ್ಯವನ್ನು ಇಟ್ಟುಕೊಂಡಿದ್ದವಳು, ಉಸಿರು ಕಟ್ಟದೆ ಹೇಳಿದಳು. ಅಮ್ಮ ಮೊದಲು ನಂಬಲಿಲ್ಲ, ಆಮೇಲೆ ನಂಬಿದಳು, ನಂಬಿದ ಮೇಲೆ ಅವಳ ಬಾಯಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಾತ್ರ ಬರೆಯುತ್ತೇನೆ.

"ದಿನಾ ಮೂರು ಹೊತ್ತು ನಿನ್ನ ಕೈಯಾರೆ ತಿನ್ಸಿದೀಯಲ್ಲಮ್ಮ, ಮಗೂಗೆ."

ನಾನು ಮೇಜಿನ ಆಚೆ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಅಪ್ಪ ಅವತ್ತೇ ಮನೆಗೆ ಬಂದರು, ಅಮ್ಮ ಅವರ ಕೈ ಹಿಡಿದು ಅತ್ತಳು, ಮನೆ ಒಂದಾಯಿತು. ಒಂದಾದ ಮನೆಯಲ್ಲಿ ಅಜ್ಜಿಗೆ ಜಾಗ ಉಳಿಯಲಿಲ್ಲ. ಆರು ತಿಂಗಳಿಗೆ ಇನ್ನೂ ದಿನವಿರುವಾಗಲೇ ಅವಳ ಟಿಕೆಟ್ಟನ್ನು ಮುಂಚಿನ ದಿನಕ್ಕೆ ಬದಲಿಸಿದರು. ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡಿದ್ದಳು. ಅಮ್ಮ ನಾಲ್ಕು ಹೆಜ್ಜೆ ಆಚೆ ನಿಂತಿದ್ದಳು. ಕಾಪಿ ಬರೆಯೋದು ಬಿಡಬೇಡ ಎಂದಷ್ಟೇ ಅಜ್ಜಿ ಹೇಳಿದಳು. ಅಮ್ಮ ಆಮೇಲೆ ಮೈಸೂರಿಗೆ ಫೋನು ಮಾಡುತ್ತಿದ್ದಳು, ಔಷಧಿ ತಗೊಂಡ್ಯಾ, ದುಡ್ಡು ಬಂತಾ, ಇಷ್ಟೇ. ಮತ್ತೆ ಕರೆಸಿಕೊಳ್ಳಲಿಲ್ಲ. ಅಜ್ಜಿ ಹೋದ ಸುದ್ದಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಅವಳು ಹೋದ ಮೇಲಾದರೂ ಹೇಳಬಹುದಿತ್ತು ಎಂದು ನೀವು ಅನ್ನುತ್ತೀರಿ. ಹೌದು, ಹೇಳಬಹುದಿತ್ತು. ನನ್ನ ಗೆಳತಿಯರು ನನ್ನನ್ನು ಬಾಯಿಬಡುಕಿ ಅನ್ನುತ್ತಾರೆ. ಒಂದು ಮಾತನ್ನು ಒಳಗೆ ಇಟ್ಟುಕೊಳ್ಳಲು ಅದರ ಮೇಲೆ ಎಷ್ಟು ಮಾತು ಹೇರಬೇಕು ಎಂಬುದು ಅವರಿಗೇನು ಗೊತ್ತು?

ಮಿಥಿಲಾಗೆ ವಾರಗಟ್ಟಲೆ ಕೊಳೆತ ಮೊಟ್ಟೆಯ ವಾಸನೆಯ ಪುಡಿಯೊಂದನ್ನು ಊಟದಲ್ಲಿ ಬೆರೆಸಿ ಕೊಟ್ಟರು. ಸೀಸ ಇಳಿಯಿತು. ಮಾತು ಬಂತು, ಬಂದದ್ದು ಇಂಗ್ಲಿಷು. ಓದಿದಳು, ಕೆಲಸ ಹಿಡಿದಳು, ಇಲ್ಲೇ ಹತ್ತಿರದಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಕನ್ನಡ ಕೇಳಿದರೆ ಎಲ್ಲ ಅರ್ಥವಾಗುತ್ತದೆ. ಮಾತಿನ ನಡುವೆ ಒಮ್ಮೊಮ್ಮೆ ಒಂದು ಸಣ್ಣ ಶಬ್ದಕ್ಕೆ ತಡೆದು ನಿಲ್ಲುತ್ತಾಳೆ, ಚಮಚವೋ ಮಂಗಳವಾರವೋ, ಕಣ್ಣು ಗೋಡೆಯ ಮೂಲೆಗೆ ಹೋಗುತ್ತದೆ, ಆಮೇಲೆ ಶಬ್ದ ಸಿಗುತ್ತದೆ. ಎಲ್ಲರಿಗೂ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಇರಬಹುದು. ಹಾಗೆ ಅವಳು ತಡೆದಾಗಲೆಲ್ಲ ನನ್ನ ನಾಲಗೆಯ ಬುಡ ಸಿಹಿಯಾಗುತ್ತದೆ.

ಹೋದ ತಿಂಗಳು ಅವಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಸಾರನ್ನ ಕಲಸುತ್ತಾ, ಅಜ್ಜಿಯ ಬಗ್ಗೆ ತನಗೆ ನೆನಪಿರುವುದು ಒಂದೇ, ಆ ಸಾರಿನ ರುಚಿ ಎಂದಳು, ಇಂಗ್ಲಿಷಿನಲ್ಲಿ. ಅಂಥ ಸಾರು ಆಮೇಲೆ ಯಾರೂ ಮಾಡಲಿಲ್ಲವಂತೆ, ನಾನೂ ಮಾಡಲಿಲ್ಲವಂತೆ. ಪಾಪ, ಅಜ್ಜಿ ಗೊತ್ತಿಲ್ಲದೆ ಮಾಡಿದ್ದು, ತಾನು ಯಾವತ್ತೋ ಕ್ಷಮಿಸಿದ್ದೇನೆ ಎಂದು ನಕ್ಕಳು. ಅಮ್ಮ ಪಕ್ಕದಲ್ಲೇ ಕೂತಿದ್ದಳು. ಅವಳು ಕ್ಷಮಿಸಿಲ್ಲ ಎಂಬುದು ಅವಳು ತಟ್ಟೆ ಸರಿಸಿದ್ದರಲ್ಲೇ ತಿಳಿಯಿತು. ಇವರಿಬ್ಬರೂ ಹೋದ ಮೇಲೆ ನಾನು ಕೂತು ಇದನ್ನು ಬರೆಯಲು ಶುರುಮಾಡಿದೆ. ಕನ್ನಡದಲ್ಲಿ ಬರೆದೆ. ಅಜ್ಜಿ ಕಲಿಸಿದ ಭಾಷೆ, ಅವಳಿಗೆ ಸಲ್ಲಬೇಕಾದ್ದು ಎಂದುಕೊಂಡೆ. ಮಿಥಿಲಾಗೆ ಕನ್ನಡ ಓದಲು ಬರುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ನೆಪ ಹುಡುಕುವ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ? ಆದರೆ ಅವಳು ಮೊನ್ನೆ ಮೇಜಿನ ಮೇಲಿದ್ದ ಹಾಳೆಗಳನ್ನು ನೋಡಿ, ತನ್ನ ಹೆಸರೊಂದು ತನಗೆ ಓದಲು ಬರುತ್ತದೆ, ಅದು ಇದರಲ್ಲಿ ತುಂಬ ಕಡೆ ಇದೆಯಲ್ಲ ಎಂದಳು. ಭಾನುವಾರ ಓದಿ ಹೇಳಬೇಕಂತೆ. ಅಮ್ಮನೂ ಬರುತ್ತಾಳೆ.

ಸಾರನ್ನು ಸ್ಟೀಲ್ ಪಾತ್ರೆಯಲ್ಲಿ ಮಾಡುತ್ತೇನೆ. ವಿಷದ ಕಸಕ್ಕೆ ಹೋಗಬೇಕಿದ್ದ ಅಜ್ಜಿಯ ಪಾತ್ರೆಯನ್ನು ಅವತ್ತು ನಾನು ಕದ್ದಿಟ್ಟುಕೊಂಡೆ, ಈಗಲೂ ಹಳೆಯ ಸೀರೆಯೊಂದರಲ್ಲಿ ಸುತ್ತಿ ಇಟ್ಟಿದ್ದೇನೆ. ಊಟ ಆದ ಮೇಲೆ ಅದನ್ನು ತಂದು ಮೇಜಿನ ಮೇಲೆ ಬೋರಲು ಹಾಕುತ್ತೇನೆ, ಉದ್ದಕ್ಕೆ ಇಳಿದ ಆ ಬೊಟ್ಟು ಇಬ್ಬರಿಗೂ ಕಾಣುವ ಹಾಗೆ. ಆಮೇಲೆ ಮೊದಲ ಸಾಲಿನಿಂದ ಓದುತ್ತೇನೆ. ಅಮ್ಮ ಏನು ಬೇಕಾದರೂ ಅನ್ನಲಿ. ಮಿಥಿಲಾ ಮಾತ್ರ ಪೂರ್ತಿ ಕೇಳಿಸಿಕೊಂಡು, ಮೂರು ವರ್ಷದವಳಾಗಿದ್ದಾಗ ಬಿಟ್ಟ ಆ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ನನ್ನನ್ನು ಕೇಳಬೇಕು. ಅದ್ಯಾಕೆ ಎಂದು ಕೇಳಬೇಕು.